ವಿದ್ಯಾರ್ಥಿಗಳೇ ಒಡೆಯರಾಗಿದ್ದ ವಿದ್ಯಾಪೀಠ

ವಿದ್ಯಾರ್ಥಿ ಸಂಘಕ್ಕೆ ಯಾರು ಸ್ಪರ್ಧಿಸಬಹುದು, ಯಾರು ಸ್ಪರ್ಧಿಸಲಾಗದು ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದದ್ದು ವಾಚಕರಿಗೆ ನೆನಪಿರಬಹುದು. ಹಿಂದೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ. ಎಂ. ಲಿಂಗ್ಡೋ ಅವರ ಸಮಿತಿಯು ಮಾಡಿದ ಶಿಫಾರಸುಗಳನ್ನು ನ್ಯಾಯಾಲಯವು 2006ರ ಸೆಪ್ಟೆಂಬರ್ 22ರಂದು ಅಂಗೀಕರಿಸಿ, ಚುನಾವಣೆಗಳು ಅವುಗಳಿಗೆ ಅನುಗುಣವಾಗಿಯೇ ನಡೆಯತಕ್ಕದ್ದೆಂದು ಆಜ್ಞಾಪಿಸಿತು. ಪದವಿ ತರಗತಿಯ ಅಭ್ಯರ್ಥಿಗೆ ವಯಸ್ಸು 17ರಿಂದ 22ರೊಳಗಿರಬೇಕು. ಸಂಶೋಧನ ವಿದ್ಯಾರ್ಥಿಗೆ 28 ಮೀರಿರಬಾರದು. ಹಾಜರಿ ನೂರಕ್ಕೆ 75 ಇರಬೇಕು. ಹಿಂದುಳಿದ ಪರೀಕ್ಷೆಗಳು ಇರಬಾರದು. ಪದಾಧಿಕಾರಿಯ ಸ್ಥಾನಕ್ಕೆ ಒಮ್ಮೆ ಮಾತ್ರ ಸ್ಪರ್ಧಿಸಬಹುದು. ವೆಚ್ಚವು ಐದು ಸಾವಿರ ರೂಪಾಯಿಗಳನ್ನು ದಾಟಬಾರದು. ಚಿಕ್ಕ ವಿಶ್ವವಿದ್ಯಾನಿಲಯಗಳಲ್ಲಿ ನೇರ ಚುನಾವಣೆ ಸಾಧ್ಯವೆಂದೂ, ಅನೇಕ ಕಾಲೇಜುಗಳನ್ನೊಳಗೊಂಡ ದೊಡ್ಡವುಗಳಲ್ಲಿ ಪ್ರತಿನಿಧಿಗಳ ಮೂಲಕ ಪರೋಕ್ಷವಾಗಿ ಆರಿಸುವ ಕ್ರಮವೂ ಆಗಬಹುದೆಂದೂ ಸಮಿತಿ ಸೂಚಿಸಿತ್ತು.

ಈ ನಿಬಂಧನೆಗಳನ್ನು ಕೆಲವರು ಹೊಗಳಿದರು, ಕೆಲವರು ವಿದ್ಯಾರ್ಥಿಗಳ ಹಕ್ಕಿಗೆ ಬಂದ ಕುತ್ತೆಂದು ಬಗೆದರು. ಉಭಯ ಪಕ್ಷದವರೂ ಇದು ಆಧುನಿಕ ಪ್ರಜಾಪ್ರಭುತ್ವವು ತಂದ ಹೊಸ ಸಮಸ್ಯೆಯೆಂದೇ ಭಾವಿಸಿದಂತೆ ತೋರಿತು. ವಸ್ತುಸ್ಥಿತಿ ಹಾಗಿಲ್ಲ. ಸಂಘದ ಸದಸ್ಯರು ಯಾರು, ಅದರ ಮುಖಂಡನಾಗಲು ಬೇಕಾದ ಯೋಗ್ಯತೆಯೇನು, ಒಳಗಿನ ಪ್ರತಿಯೊಂದು ಕೂಟಕ್ಕೂ ಸಭೆಯಲ್ಲಿ ಎಷ್ಟು ದನಿ ಎಂಬ ಪ್ರಶ್ನೆಗಳು ಯುರೋಪಿನಲ್ಲಿ ವಿಶ್ವವಿದ್ಯಾನಿಲಯವೆಂಬ ಸಂಸ್ಥೆಯೊಡನೆಯೇ ಹುಟ್ಟಿದವು. ಸರಿಯಾಗಿ ಹೇಳುವುದಾದರೆ, ವಿದ್ಯಾರ್ಥಿ ಸಂಘವೇ ಮೊದಲು ಹುಟ್ಟಿತು. 'ಯೂನಿವರ್ಸಿಟಿ' ಎಂಬ ಹೆಸರು ಆ ಸಂಘದ್ದೇ. ಆ ವೃತ್ತಾಂತವನ್ನು ತಿಳಿಯಬೇಕಾದರೆ ಉತ್ತರ ಇಟಲಿಯ ಬೊಲೋನ್ಯಾ ನಗರಕ್ಕೆ ಹೋಗಬೇಕು.

ಬೊಲೋನ್ಯಾದ ವಿದ್ಯಾಪೀಠದ ಆರಂಭವನ್ನು ಸಂಪ್ರದಾಯವಾಗಿ ಕ್ರಿ.ಶ. 1088 ಎಂದು ಎಣಿಸುತ್ತಾರೆ. ಯಾವ ಅರಸನೂ ಯಾವ ಧರ್ಮಗುರುವೂ ಶಿಲಾನ್ಯಾಸ ಮಾಡಿ ಸ್ಥಾಪಿಸಿದ ಪೀಠ ಅದಲ್ಲ. ಇರ್ನೇರಿಯಸ್ ಎಂಬ ಪಂಡಿತನು ರೋಮನ್ ಸಾಮ್ರಾಜ್ಯದ ಪ್ರಾಚೀನ ನ್ಯಾಯಗ್ರಂಥಗಳನ್ನು ಅಲ್ಲಿ ಪಾಠ ಹೇಳತೊಡಗಿದ. 1140ರ ಸುಮಾರಿಗೆ ಗ್ರೇಷಿಯನ್ ಎಂಬವನು ಕ್ರೈಸ್ತ ಧರ್ಮಸಭೆಯ ವಿಧಿನಿಯಮಗಳನ್ನು ಒಂದು ಗ್ರಂಥವಾಗಿ ಕ್ರೋಡೀಕರಿಸಿದ. ಈ ಎರಡು ಶಾಸ್ತ್ರಗಳನ್ನು ಬಲ್ಲವನಿಗೆ ಅರಮನೆಯಲ್ಲಿಯೂ ಗುರುಪೀಠದಲ್ಲಿಯೂ ಉದ್ಯೋಗ ಖಂಡಿತವಾಗಿ ದೊರೆಯುತ್ತಿತ್ತು. ಆದ್ದರಿಂದ ಆಲ್ಪ್ಸ್ ಪರ್ವತದ ಆಚೆಯಿಂದಲೂ ಈಚೆಯಿಂದಲೂ ಜನ ಹರಿದು ಬಂದರು. ವಿದ್ಯಾರ್ಥಿಗಳೆಂದೊಡನೆ ಮೀಸೆ ಚಿಗುರದ ಹುಡುಗರೆಂದು ನಾವು ಕಲ್ಪಿಸಿಕೊಳ್ಳಬಾರದು. ಇವರಲ್ಲಿ ಎಷ್ಟೋ ಮಂದಿ ಇಪ್ಪತ್ತು ಮೂವತ್ತರ ಪ್ರಾಯದವರು. ಊರಿನಲ್ಲಿ ಧರ್ಮಸಭೆಯ ಪದವಿಯನ್ನೂ ಅದರ ಉತ್ಪನ್ನವನ್ನೂ ಹೊಂದಿದವರು. ಕೆಲವರು ಸಾಮಂತ ಮನೆತನದವರು. ಹಣಕ್ಕಾಗಲಿ ಲೋಕಾನುಭವಕ್ಕಾಗಲಿ ಇವರಲ್ಲಿ ಕೊರತೆಯಿರಲಿಲ್ಲ.

ಕೊರತೆಯಿದ್ದುದು ಒಂದೇ: ಹಕ್ಕು. ಅಂದಿನ ಇಟಲಿಯ ನಗರಗಳಲ್ಲಿ ನಾಗರಿಕನಾದವನಿಗೆ ಮಾತ್ರ ಕಾನೂನಿನ ಪೂರ್ಣ ರಕ್ಷಣೆ. ಪರಸ್ಥಳದವನನ್ನು ಮನೆಯ ಒಡೆಯ ಬಾಡಿಗೆಯಲ್ಲಿ ಸುಲಿಯಬಹುದಾಗಿತ್ತು. ಇದಕ್ಕಿಂತ ಕ್ರೂರವಾದ ಪದ್ಧತಿ ಇನ್ನೊಂದಿತ್ತು: ಒಬ್ಬ ಜರ್ಮನ್ ವರ್ತಕ ಸಾಲ ತೀರಿಸದೆ ಓಡಿಹೋದರೆ, ಆ ಊರಿನಲ್ಲಿ ಸಿಕ್ಕ ಮತ್ತೊಬ್ಬ ಜರ್ಮನನನ್ನು ಹಿಡಿದು ಅವನಿಂದ ಸಾಲವನ್ನು ವಸೂಲು ಮಾಡುವುದು. ಓದಲು ಬಂದವನು ಕಾಣದ ಊರಿನ ಕಾಣದ ಸಾಲಕ್ಕೆ ಜಾಮೀನು! ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸ 1158ರ ವೇಳೆಗೆ ಹೊರಡಿಸಿದ ಶಾಸನವೊಂದರಲ್ಲಿ ವಿದ್ಯಾರ್ಜನೆಗಾಗಿ ದೇಶಾಂತರ ಬಂದವರನ್ನು ಹೀಗೆ ಪೀಡಿಸಕೂಡದೆಂದೂ, ಅವರ ವ್ಯಾಜ್ಯಗಳನ್ನು ಅವರ ಗುರುವಾಗಲಿ ಬಿಷಪ್ಪನಾಗಲಿ ವಿಚಾರಿಸಬಹುದೆಂದೂ ವಿಧಿಸಿದ. ಆದರೆ ಚಕ್ರವರ್ತಿ ಇದ್ದದ್ದು ದೂರದಲ್ಲಿ, ಮನೆಯ ಒಡೆಯನಿದ್ದದ್ದು ಬಾಗಿಲಲ್ಲಿ. ಕಾಗದದ ರಕ್ಷಣೆ ಸಾಲದೆಂದು ಕಂಡ ವಿದ್ಯಾರ್ಥಿಗಳು, ಅಂದಿನ ಕಮ್ಮಾರರೂ ನೇಕಾರರೂ ವರ್ತಕರೂ ಮಾಡಿಕೊಂಡಂತೆ ತಾವೂ ಒಂದು ಶ್ರೇಣಿಯನ್ನು ಕಟ್ಟಿಕೊಂಡರು. ಲ್ಯಾಟಿನ್ ಭಾಷೆಯಲ್ಲಿ ಇಂಥ ಶ್ರೇಣಿಗೆ 'ಯೂನಿವರ್ಸಿಟಾಸ್' ಎಂದು ಹೆಸರು. ಪಾಠ ನಡೆಯುವ ಪೀಠಕ್ಕೆ 'ಸ್ಟೂಡಿಯಂ' ಎನ್ನುತ್ತಿದ್ದರು. ಕಾಲಕ್ರಮೇಣ ಸಂಘದ ಹೆಸರೇ ಪೀಠಕ್ಕೂ ಅಂಟಿಕೊಂಡಿತು.

ಈ ಸಂಘದ ಸದಸ್ಯತ್ವದ ನಿಯಮ ಇಂದಿನವರಿಗೆ ಸೋಜಿಗವೆನಿಸೀತು. ಬೊಲೋನ್ಯಾ ನಗರದಲ್ಲಿಯೇ ಹುಟ್ಟಿ, ಅದೇ ಪಾಠಶಾಲೆಗೆ ನಿತ್ಯವೂ ಹೋಗುವ ವಿದ್ಯಾರ್ಥಿಗೆ ಅದರಲ್ಲಿ ಮತವಿರಲಿಲ್ಲ, ಪದವಿಯೂ ಇರಲಿಲ್ಲ. ಸ್ಥಳೀಯನಾಗಿರುವುದೇ ಅನರ್ಹತೆ! ಇದು ದ್ವೇಷದಿಂದ ಹುಟ್ಟಿದ ನಿಯಮವಲ್ಲ. ನಗರದ ಮಗನಿಗೆ ನಗರದ ನ್ಯಾಯಾಲಯವಿತ್ತು, ನಗರದ ಸಭೆಯಿತ್ತು. ಸಂಘದ ಆಶ್ರಯ ಅವನಿಗೆ ಬೇಕಾಗಿರಲಿಲ್ಲ. ತನ್ನ ನಾಗರಿಕನು ಹೊರಗಿನವರು ಆರಿಸಿದ ಮುಖಂಡನಿಗೆ ವಿಧೇಯನಾಗಿರುವೆನೆಂದು ಪ್ರಮಾಣ ಮಾಡುವುದನ್ನು ನಗರವೂ ಒಪ್ಪುತ್ತಿರಲಿಲ್ಲ. ಇದೇ ಕಾರಣದಿಂದ, ಬಹುಮಟ್ಟಿಗೆ ಬೊಲೋನ್ಯಾದವರೇ ಆಗಿದ್ದ ಅಧ್ಯಾಪಕರೂ ಸಂಘದ ಹೊರಗೇ ಉಳಿದರು. ಅವರು ತಮ್ಮದೇ ಆದ ಪ್ರತ್ಯೇಕ ಮಂಡಲಿಯನ್ನು ರಚಿಸಿಕೊಂಡು, ಪರೀಕ್ಷೆ ಮಾಡಿ ಪದವಿ ಕೊಡುವ ಅಧಿಕಾರವನ್ನು ಭದ್ರವಾಗಿ ಹಿಡಿದುಕೊಂಡರು. ಉಳಿದುದೆಲ್ಲವೂ ವಿದ್ಯಾರ್ಥಿಗಳ ಕೈಯಲ್ಲಿತ್ತು. ಸಂಘವು ಯಾವ ಉದ್ದೇಶಕ್ಕಾಗಿ ಹುಟ್ಟಿತೋ ಆ ಉದ್ದೇಶವೇ ಅದರ ಬಾಗಿಲನ್ನು ಅಳೆದು ಇಟ್ಟಿತ್ತು. ಲಿಂಗ್ಡೋ ಸಮಿತಿಯು ಪೂರ್ಣಾವಧಿ ವ್ಯಾಸಂಗ ಮಾಡುವವನಿಗೆ ಮಾತ್ರ ಸ್ಪರ್ಧಿಸುವ ಅವಕಾಶವೆಂದಾಗಲೂ ಇದೇ ತರ್ಕವಿತ್ತು; ಆದರೆ ಅಲ್ಲಿ ಬಾಗಿಲನ್ನು ಅಳೆದವರು ಹೊರಗಿನವರು, ಬೊಲೋನ್ಯಾದಲ್ಲಿ ಒಳಗಿನವರೇ.

ಹದಿಮೂರನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಎರಡು ಸಂಘಗಳು ನೆಲೆಗೊಂಡಿದ್ದವು: ಆಲ್ಪ್ಸಿನ ಈಚೆಯವರದೊಂದು, ಆಚೆಯವರದೊಂದು. ಪ್ರತಿಯೊಂದಕ್ಕೂ ಒಬ್ಬ 'ರೆಕ್ಟರ್', ಅರ್ಥಾತ್ ಮುಖಂಡ. ಸಂಘದೊಳಗೆ ಮತ್ತೆ 'ನಾಟಿಯೋ' ಎಂಬ ನಾಡಕೂಟಗಳು. ಈಚೆಯವರಲ್ಲಿ ಲೊಂಬಾರ್ಡಿ, ಟಸ್ಕನಿ, ರೋಮ್ ಎಂಬ ಮೂರು. ಆಚೆಯವರಲ್ಲಿ ಸ್ಪೇನ್, ಇಂಗ್ಲೆಂಡ್, ನಾರ್ಮಂಡಿ, ಬರ್ಗಂಡಿ, ಪ್ರೊವೆನ್ಸ್, ಹಂಗೇರಿ, ಪೋಲೆಂಡ್, ಜರ್ಮನಿ ಮೊದಲಾಗಿ ಹನ್ನೆರಡಕ್ಕೂ ಹೆಚ್ಚು. ಸಂಘದ ದೈನಂದಿನ ಆಡಳಿತವನ್ನು ನೋಡಿಕೊಳ್ಳುತ್ತಿದ್ದುದು ರೆಕ್ಟರನೂ ನಾಡಕೂಟಗಳು ಆರಿಸಿ ಕಳುಹಿಸಿದ ಪ್ರತಿನಿಧಿಗಳೂ ಸೇರಿದ ಮಂಡಲಿ. ಕೂಟವೊಂದಕ್ಕೆ ಒಬ್ಬ ಪ್ರತಿನಿಧಿ, ಕೆಲವಕ್ಕೆ ಇಬ್ಬರು. ತಲೆಗಳ ಎಣಿಕೆಯೊಂದನ್ನೇ ನೋಡಿದ್ದರೆ ದೊಡ್ಡ ನಾಡಿನವರು ಚಿಕ್ಕ ನಾಡಿನವರನ್ನು ಮುಳುಗಿಸಿಬಿಡುತ್ತಿದ್ದರು. ಎಲ್ಲರಿಗೂ ಸಮಪಾಲು ಎಂದಿದ್ದರೆ ನೂರು ಜನರ ಕೂಟ ಹತ್ತು ಜನರ ಕೂಟಕ್ಕೆ ಸಮನಾಗಿ ಕುಳಿತು ಗೊಣಗುತ್ತಿತ್ತು. ಈ ಇಕ್ಕಟ್ಟಿಗೆ ಪೂರ್ಣ ಪರಿಹಾರವನ್ನು ಅವರೂ ಕಾಣಲಿಲ್ಲ. ಒಪ್ಪಂದ, ಜಗಳ, ಮತ್ತೆ ಒಪ್ಪಂದ, ಹೀಗೆಯೇ ಕಾಲ ಸಾಗಿತು.

ನಾಡಕೂಟದ ಸದಸ್ಯನಾಗಲು ಅರ್ಹತೆಯೇನು? ಹುಟ್ಟಿದ ನೆಲವೆ, ಆಳುವ ಅರಸನೆ, ಆಡುವ ಮಾತೆ? ಜರ್ಮನ್ ಕೂಟವು ಮಾತನ್ನು ಹಿಡಿಯಿತು. ಎಲ್ಲಿಯೇ ನೆಲೆಸಿರಲಿ, ಜರ್ಮನ್ ಯಾರ ತಾಯ್ನುಡಿಯೋ ಅವನು ತನ್ನವನೆಂದು ಅದರ ಕಟ್ಟಳೆ ಸಾರಿತು. ಈ ಕೂಟದ ದಾಖಲೆಗಳು 1289ರಿಂದ ಉಳಿದುಬಂದಿವೆ. ಧರ್ಮಸಭೆಯ ಕಾನೂನನ್ನು ಓದಲು 1496ರಲ್ಲಿ ಬೊಲೋನ್ಯಾಕ್ಕೆ ಬಂದ ಒಬ್ಬ ತರುಣನ ಹೆಸರೂ ಅದರ ಪಟ್ಟಿಯಲ್ಲಿದೆ. ಆತ ನಿಕೊಲಾಸ್ ಕೊಪರ್ನಿಕಸ್. ಮುಂದೆ ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂದು ಲೋಕಕ್ಕೆ ಹೇಳಿದವನು. ಆತ ಹುಟ್ಟಿದ ತೋರುನ್ ನಗರ ಪೋಲೆಂಡಿನ ಅರಸನ ಆಳ್ವಿಕೆಗೆ ಸೇರಿದ್ದು. ಪೋಲಿಷ್ ಕೂಟವನ್ನು ಬಿಟ್ಟು ಜರ್ಮನ್ ಕೂಟಕ್ಕೆ ಸೇರಿದನೆಂಬ ಒಂದೇ ಸಂಗತಿಯನ್ನು ಹಿಡಿದು ಆತ ಯಾವ ದೇಶದವನೆಂದು ವಿದ್ವಾಂಸರು ಬಹುಕಾಲ ವಾದ ಮಾಡಿದ್ದಾರೆ. ಸಂಘದ ಪ್ರವೇಶ ನಿಯಮವೊಂದನ್ನು ರಾಷ್ಟ್ರೀಯತೆಯ ಸಾಕ್ಷ್ಯವಾಗಿ ಬಳಸುವುದು ಎಷ್ಟು ಸರಿಯೋ! ಆ ತರುಣನಿಗೆ ಬೇಕಾಗಿದ್ದುದು ಬಹುಶಃ ತನ್ನ ಮಾತು ಬಲ್ಲ ನಾಲ್ಕು ಜನ ಮಾತ್ರ.

ಸಂಘದೊಳಗಿನ ಅನ್ಯಾಯವನ್ನೂ ಇಲ್ಲಿ ಹೇಳದಿದ್ದರೆ ಚಿತ್ರ ಪೂರ್ಣವಾಗದು. ವೈದ್ಯವನ್ನೂ ತರ್ಕ, ವ್ಯಾಕರಣ ಮೊದಲಾದ ಶಾಸ್ತ್ರಗಳನ್ನೂ ಕಲಿಯುವವರು ಬೊಲೋನ್ಯಾದಲ್ಲಿ ಗಣನೀಯವಾಗಿದ್ದರು. ಅವರ ಮೇಲೆ ನ್ಯಾಯಶಾಸ್ತ್ರದವರ ರೆಕ್ಟರುಗಳು ಅಧಿಕಾರ ನಡೆಸುತ್ತಿದ್ದರು. ಆದರೆ ಆ ರೆಕ್ಟರುಗಳನ್ನು ಆರಿಸುವಾಗ ಇವರಿಗೆ ಮತವಿರಲಿಲ್ಲ. ಪರಕೀಯರೆಂಬ ಕಾರಣಕ್ಕೆ ನಗರ ತಮ್ಮನ್ನು ಕಡೆಗಣಿಸಿತೆಂದು ಹೋರಾಡಿ ಹಕ್ಕು ಗಳಿಸಿದವರೇ, ಬೇರೆ ಶಾಸ್ತ್ರದವರೆಂಬ ಕಾರಣಕ್ಕೆ ಇನ್ನೊಂದು ಗುಂಪನ್ನು ಹೊಸ್ತಿಲಾಚೆ ನಿಲ್ಲಿಸಿದರು. ಬಹುಕಾಲದ ತಿಕ್ಕಾಟದ ತರುವಾಯ 1316ರಲ್ಲಿ ವೈದ್ಯ ಮತ್ತು ಕಲಾಶಾಸ್ತ್ರಗಳ ವಿದ್ಯಾರ್ಥಿಗಳಿಗೆ ಸ್ವಂತ ಸಂಘವೂ ಸ್ವಂತ ರೆಕ್ಟರನೂ ಇರತಕ್ಕದ್ದೆಂಬ ಒಡಂಬಡಿಕೆಯಾಯಿತು. ಮಾರನೆಯ ವರ್ಷ, 1317ರಲ್ಲಿ, ಜೋಹಾನೆಸ್ ಆಂಡ್ರಿಯೆ ಎಂಬ ಪ್ರಖ್ಯಾತ ನ್ಯಾಯಶಾಸ್ತ್ರಜ್ಞನ ನೆರವಿನಿಂದ ನ್ಯಾಯಶಾಸ್ತ್ರ ಸಂಘದ ಕಟ್ಟಳೆಗಳು ಕ್ರಮಬದ್ಧವಾದುವು. ಅವರ ಆಡಳಿತದ ವಿವರಗಳು ಇಂದು ನಮಗೆ ತಿಳಿದಿರುವುದು ಆ ಕಟ್ಟಳೆಗಳಿಂದಲೂ 1432ರ ಪರಿಷ್ಕೃತ ರೂಪದಿಂದಲೂ.

ರೆಕ್ಟರನ ಅರ್ಹತೆಯನ್ನು ನೋಡಿ: ವಯಸ್ಸು 24ಕ್ಕೆ ಕಡಿಮೆಯಿರಬಾರದು; ನ್ಯಾಯಶಾಸ್ತ್ರದಲ್ಲಿ ಐದು ವರ್ಷಗಳ ವ್ಯಾಸಂಗ ನಡೆದಿರಬೇಕು; ಅವಿವಾಹಿತನಾಗಿರಬೇಕು; ಧರ್ಮಸಭೆಯ ದೀಕ್ಷೆ ಪಡೆದು ಆ ಉಡುಪನ್ನು ಧರಿಸುವವನಾಗಿರಬೇಕು, ಆದರೆ ಸನ್ಯಾಸಿಗಳ ಪಂಥಕ್ಕೆ ಸೇರಿರಬಾರದು. ದೀಕ್ಷೆಯ ನಿಯಮಕ್ಕೆ ಭಕ್ತಿ ಕಾರಣವಲ್ಲ. ವಿದ್ಯಾರ್ಥಿಗಳಲ್ಲಿ ಬಹುಮಂದಿ ದೀಕ್ಷಿತರು. ದೀಕ್ಷಿತನ ಮೇಲೆ ಸಾಮಾನ್ಯ ಗೃಹಸ್ಥನು ನ್ಯಾಯ ನಡೆಸಕೂಡದೆಂದು ಧರ್ಮಸಭೆಯ ಕಾನೂನು. ನ್ಯಾಯ ಹೇಳಬೇಕಾದ ರೆಕ್ಟರನಿಗೆ ಆದ್ದರಿಂದ ದೀಕ್ಷೆ ಅನಿವಾರ್ಯವಾಯಿತು. ಆಯ್ಕೆಯೂ ನೇರವಾಗಿರಲಿಲ್ಲ. ನಿವೃತ್ತ ರೆಕ್ಟರುಗಳು, ಹೊಸದಾಗಿ ಆರಿಸಿ ಬಂದ ಕೂಟ ಪ್ರತಿನಿಧಿಗಳು, ಅಷ್ಟೇ ಸಂಖ್ಯೆಯ ವಿಶೇಷ ಮತದಾರರು ಸೇರಿ ಗುಪ್ತ ಮತದಿಂದ ಆರಿಸುತ್ತಿದ್ದರು. ಲಿಂಗ್ಡೋ ಸಮಿತಿಯು ದೊಡ್ಡ ವಿಶ್ವವಿದ್ಯಾನಿಲಯಗಳಿಗೆ ಸೂಚಿಸಿದ ಪರೋಕ್ಷ ಕ್ರಮದ ಪೂರ್ವಜನೆಂದೇ ಇದನ್ನು ಕರೆಯಬಹುದು. ಅಧಿಕಾರ ವಹಿಸಿಕೊಂಡ ರೆಕ್ಟರನ ವೈಭವ ಸಾಮಾನ್ಯವಾದುದಲ್ಲ. ಸಭೆ ಸಮಾರಂಭಗಳಲ್ಲಿ ಬೊಲೋನ್ಯಾದ ಬಿಷಪ್ಪನೊಬ್ಬನನ್ನುಳಿದು ಬೇರೆ ಬಿಷಪ್ಪರಿಗೂ ಕಾರ್ಡಿನಲ್‌ಗಳಿಗೂ ಮುಂಚೆ ಅವನ ಸ್ಥಾನವೆಂದು ಕಟ್ಟಳೆಯಲ್ಲಿತ್ತು.

ಇನ್ನು ಅಧ್ಯಾಪಕರ ಪಾಡು. ವಿದ್ಯಾರ್ಥಿಗಳ ಶುಲ್ಕವೇ ಅವರ ಜೀವನಾಧಾರವಾಗಿದ್ದುದರಿಂದ, ರೆಕ್ಟರನಿಗೆ ವಿಧೇಯರಾಗಿರುವುದಾಗಿ ಅವರು ಪ್ರಮಾಣ ಮಾಡಬೇಕಾಗಿತ್ತು. ಅಪ್ಪಣೆಯಿಲ್ಲದೆ ಒಂದು ದಿನ ತಪ್ಪಿಸಿದರೂ ದಂಡ. ಊರು ಬಿಟ್ಟು ಹೊರಡುವುದಾದರೆ ಹಿಂತಿರುಗುವ ಭರವಸೆಗೆ ಠೇವಣಿ. ತನ್ನ ಮದುವೆಗೆ ದೊರೆಯುತ್ತಿದ್ದ ರಜೆ ಒಂದೇ ದಿನ! ಬೆಳಗಿನ ಗಂಟೆ ಬಾರಿಸಿದೊಡನೆ ಪಾಠ ಆರಂಭವಾಗಬೇಕು; ಮುಕ್ತಾಯದ ಗಂಟೆಯಾದ ಮೇಲೂ ಮುಂದುವರಿಸಿದರೆ ಅಧ್ಯಾಪಕನಿಗೆ ದಂಡ, ವಿದ್ಯಾರ್ಥಿಗಳು ಎದ್ದುಹೋಗತಕ್ಕದ್ದು. ಅಧ್ಯಾಯಗಳನ್ನು ಹಾರಿಸುವಂತಿಲ್ಲ, ಕಠಿಣವಾದ ಪ್ರಶ್ನೆಯನ್ನು ಕೊನೆಯಲ್ಲಿ ನೋಡೋಣವೆಂದು ಮುಂದೂಡುವಂತಿಲ್ಲ. ಗ್ರಂಥವನ್ನು ಭಾಗಗಳಾಗಿ ವಿಂಗಡಿಸಿ, ಯಾವ ಭಾಗ ಯಾವ ದಿನಕ್ಕೆ ಮುಗಿಯಬೇಕೆಂದು ಮೊದಲೇ ಗೊತ್ತುಮಾಡಿ, ಸಾಹುಕಾರನಲ್ಲಿ ಅಧ್ಯಾಪಕನಿಂದ ಹಣ ಇಡಿಸುತ್ತಿದ್ದರು. ಪಾಠ ಹಿಂದೆ ಬಿದ್ದರೆ ಆ ಹಣದಲ್ಲಿ ಕಡಿತ. ಮುಖ್ಯ ಪಾಠಕ್ಕೆ ಐವರು ಶ್ರೋತೃಗಳೂ ಬಾರದಿದ್ದರೆ ಅಧ್ಯಾಪಕನೇ ಗೈರುಹಾಜರಾದನೆಂದು ಎಣಿಕೆ. ಇವೆಲ್ಲವನ್ನೂ ಕಂಡು ಗುಟ್ಟಾಗಿ ವರದಿ ಮಾಡಲು ವಿದ್ಯಾರ್ಥಿಗಳೇ ಕೆಲವರು ನೇಮಕವಾಗಿರುತ್ತಿದ್ದರು. ಹಾಜರಿಯ ನಿಯಮ ಇಂದು ವಿದ್ಯಾರ್ಥಿಗೆ, ಅಂದು ಗುರುವಿಗೆ. ಗುರುವನ್ನು ದೈವಸಮಾನನೆಂದು ಎಣಿಸಿ ಬೆಳೆದ ನಮಗೆ ಇದು ಹಿತವಾಗದು. ಬೇಹುಗಾರಿಕೆಯಂತೂ ಯಾವ ಕಾಲಕ್ಕೂ ಮೆಚ್ಚತಕ್ಕದ್ದಲ್ಲ. ಆದರೂ ಹಣ ಕೊಟ್ಟವನಿಗೆ ಪಾಠ ಪೂರ್ತಿಯಾಗಿ ದೊರೆಯಬೇಕೆಂಬ ಅವರ ಹಟದಲ್ಲಿ ನ್ಯಾಯವಿಲ್ಲವೆನ್ನಲಾಗದು.

ಇಷ್ಟೊಂದು ಬಲ ಅವರಿಗೆ ಬಂದದ್ದೆಲ್ಲಿಂದ? ಸಂಘಕ್ಕೆ ಕಟ್ಟಡವಿರಲಿಲ್ಲ. ಪಾಠ ನಡೆಯುತ್ತಿದ್ದುದು ಬಾಡಿಗೆಯ ಕೋಣೆಗಳಲ್ಲಿ, ಸಭೆ ಸೇರುತ್ತಿದ್ದುದು ಚರ್ಚುಗಳಲ್ಲಿ. ಕಟ್ಟಡವಿಲ್ಲದ ಬಡತನವೇ ಅವರ ಶಕ್ತಿಯಾಯಿತು. ಮನಸ್ತಾಪ ಬಂದರೆ ಗ್ರಂಥಗಳನ್ನು ಕಟ್ಟಿಕೊಂಡು ಬೇರೆ ಊರಿಗೆ ಹೊರಟುಬಿಡುವರು. ಅವರ ವೆಚ್ಚವನ್ನು ನಂಬಿ ಬದುಕುತ್ತಿದ್ದ ನಗರಕ್ಕೆ ಅದು ಕ್ಷಾಮ ಬಂದಂತೆ. 1222ರಲ್ಲಿ ಹೀಗೆ ಹೊರಟ ಗುಂಪಿನಿಂದಲೇ ಪಾದುವಾ ವಿಶ್ವವಿದ್ಯಾನಿಲಯ ಹುಟ್ಟಿತು. 1321ರಲ್ಲಿ ನಗರದ ಅಧಿಕಾರಿಗಳು ಒಬ್ಬ ವಿದ್ಯಾರ್ಥಿಗೆ ಮರಣದಂಡನೆ ವಿಧಿಸಿದಾಗ ಬಹುಮಂದಿ ಸಿಯೆನಾಕ್ಕೆ ವಲಸೆ ಹೋದರು. ನಗರವು ಪೀಠವನ್ನು ಬೇರೆಡೆಗೆ ಒಯ್ಯುವುದಿಲ್ಲವೆಂದು ಪ್ರಮಾಣ ಮಾಡಿಸಲು ಹವಣಿಸಿತು, ಘೋರ ಶಿಕ್ಷೆಗಳನ್ನು ವಿಧಿಸಿತು. ಒಂದು ಹಂತದಲ್ಲಿ ಪೋಪ್ ಮೂರನೆಯ ಹೊನೋರಿಯಸ್ಸರೇ ವಿದ್ಯಾರ್ಥಿಗಳ ಪಕ್ಷ ವಹಿಸಬೇಕಾಯಿತು. ಬಾಡಿಗೆಯ ವಿಷಯದಲ್ಲಿಯೂ ಸಂಘ ಗೆದ್ದಿತು: ಇಬ್ಬರು ವಿದ್ಯಾರ್ಥಿಗಳೂ ಇಬ್ಬರು ನಾಗರಿಕರೂ ಕೂಡಿ ದರವನ್ನು ಗೊತ್ತುಪಡಿಸುವರು, ಮೀರಿದ ಒಡೆಯನ ಮನೆಗೆ ಯಾವ ವಿದ್ಯಾರ್ಥಿಯೂ ಕಾಲಿಡುವಂತಿಲ್ಲ.

ಈ ಪ್ರಭುತ್ವ ಕುಸಿದದ್ದು ಯುದ್ಧದಿಂದಲ್ಲ, ನಿಷೇಧದಿಂದಲೂ ಅಲ್ಲ, ಸಂಬಳದಿಂದ. 1280ರಲ್ಲಿ ಗಾರ್ಸಿಯಾಸ್ ಎಂಬ ಸ್ಪೇನಿನ ಪಂಡಿತನನ್ನು ಪಾಠಕ್ಕೆ ಒಪ್ಪಿಸಿದ ವಿದ್ಯಾರ್ಥಿಗಳು, ಅವನ ವೇತನವನ್ನು ನಗರವೇ ಕೊಡಲೆಂದು ಬೇಡಿಕೊಂಡರು. ನಗರ ಸಂತೋಷದಿಂದ ಒಪ್ಪಿತು. ವಿದ್ಯಾರ್ಥಿಗಳ ಹೊರೆ ಇಳಿಯಿತು. ಮೊದಮೊದಲು ವೇತನದ ಪೀಠಗಳಿಗೆ ಅಧ್ಯಾಪಕರನ್ನು ಆರಿಸುವವರು ವಿದ್ಯಾರ್ಥಿಗಳೇ ಆಗಿದ್ದರು. ಬರಬರುತ್ತ ಹಣ ಕೊಡುವವನೇ ಆರಿಸತೊಡಗಿದ. ಹದಿನಾಲ್ಕನೆಯ ಶತಮಾನ ಮುಗಿಯುವ ವೇಳೆಗೆ ನಗರವು ನೇಮಿಸಿದ ಅಧಿಕಾರಿಗಳ ಮಂಡಲಿ ವಿದ್ಯಾಪೀಠದ ಮೇಲೆ ಕೈಯಿಟ್ಟಾಗಿತ್ತು. ಕಟ್ಟಳೆಯ ಪುಸ್ತಕದಲ್ಲಿ ಅಧ್ಯಾಪಕನ ಪ್ರಮಾಣವೂ ದಂಡವೂ ಹಾಗೆಯೇ ಉಳಿದಿದ್ದವು. ಆದರೆ ಶುಲ್ಕ ನಿಲ್ಲಿಸುವೆನೆಂಬ ಬೆದರಿಕೆಗೆ ಇನ್ನು ಯಾರೂ ಹೆದರಬೇಕಾಗಿರಲಿಲ್ಲ.

ರೆಕ್ಟರನ ಪದವಿ ಕ್ರಮೇಣ ಬರಿಯ ಆಡಂಬರವಾಯಿತು. ಔತಣಗಳ ಖರ್ಚು, ಪರಿವಾರದ ಖರ್ಚು ತಲೆಯ ಮೇಲೆ ಬೀಳುತ್ತಿತ್ತು. ಸಾಲದೆಂಬಂತೆ, ಹೊಸ ರೆಕ್ಟರನ ಉಡುಪನ್ನು ಸಂಭ್ರಮದಲ್ಲಿ ಹರಿದು, ಆ ಚೂರುಗಳನ್ನು ಅವನಿಗೇ ದುಬಾರಿ ಬೆಲೆಗೆ ಮಾರುವ ವಿಚಿತ್ರ ರೂಢಿಯೂ ಬೆಳೆದಿತ್ತು. ಅದನ್ನು ತಡೆಯಲು ಕಟ್ಟಳೆ ಮಾಡಬೇಕಾಯಿತು. ಅರ್ಹತೆಯ ಪಟ್ಟಿಯಲ್ಲಿ ಬರೆಯದ ಅರ್ಹತೆಯೊಂದು ಹೀಗೆ ಬಂದು ಸೇರಿತು, ಅದು ಐಶ್ವರ್ಯ. ಬಡವನು ಆ ಪೀಠವನ್ನು ಏರಲಾರದೆ ಹೋದ. ಶ್ರೀಮಂತನಿಗೂ ಅದು ಬೇಡವಾಯಿತು. ಹದಿನೇಳನೆಯ ಶತಮಾನದ ಆರಂಭದಲ್ಲಿ ಆ ಪದವಿ ಹೇಳಹೆಸರಿಲ್ಲದಂತಾಯಿತು. ವೆಚ್ಚಕ್ಕೆ ಮಿತಿ ಹಾಕಿದ ಲಿಂಗ್ಡೋ ಸಮಿತಿಯವರ ಮನಸ್ಸಿನಲ್ಲಿ ಬೊಲೋನ್ಯಾ ಇರಲಾರದು, ಆದರೆ ರೋಗ ಅದೇ.

ನಾಡಕೂಟಗಳ ನೆನಪು ಮಾತ್ರ ಬೊಲೋನ್ಯಾದ ಗೋಡೆಗಳ ಮೇಲೆ ಉಳಿದಿದೆ. ಚದುರಿಹೋಗಿದ್ದ ಪಾಠಗಳನ್ನೆಲ್ಲ ಒಂದೆಡೆ ಸೇರಿಸಲು 1563ರಲ್ಲಿ ಆರ್ಕಿಜಿನ್ನಾಸಿಯೋ ಎಂಬ ಭವ್ಯ ಕಟ್ಟಡ ಸಿದ್ಧವಾಯಿತು. ಅಲ್ಲಿಂದ ಮುಂದೆ ಊರು ಬಿಟ್ಟು ಹೊರಡುವ ಬೆದರಿಕೆಗೂ ಅರ್ಥವುಳಿಯಲಿಲ್ಲ. ಆ ಕಟ್ಟಡದ ಅಂಗಳದಲ್ಲಿ, ಮೆಟ್ಟಿಲುಗಳ ಇಕ್ಕೆಲದಲ್ಲಿ, ಮೇಲ್ಛಾವಣಿಯಲ್ಲಿ ಕೂಟಗಳ ಪ್ರತಿನಿಧಿಗಳೂ ಮುಖಂಡರೂ ಆಗಿದ್ದ ವಿದ್ಯಾರ್ಥಿಗಳ ವಂಶಲಾಂಛನಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬಣ್ಣಬಣ್ಣವಾಗಿ ಕಾಣುತ್ತವೆ. ಅಧಿಕಾರ ಹೋದ ಮೇಲೆ ಲಾಂಛನಗಳು ಹೆಚ್ಚಿದುವೆಂಬುದು ಆಶ್ಚರ್ಯವಲ್ಲ. ವಿಶ್ವವಿದ್ಯಾನಿಲಯ 1803ರಲ್ಲಿ ಅಲ್ಲಿಂದ ಬೇರೆಡೆಗೆ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ, 1944ರ ಜನವರಿಯಲ್ಲಿ, ಬಾಂಬಿಗೆ ಸಿಕ್ಕಿ ಕಟ್ಟಡ ಜಖಂಗೊಂಡಿತಾದರೂ ಮತ್ತೆ ಕಟ್ಟಿದರು. ಈಗ ಅದು ನಗರದ ಗ್ರಂಥಭಂಡಾರ.

ಬೊಲೋನ್ಯಾದ ನಾಡಕೂಟಗಳಿಗೆ ದೂರದ ಸ್ಕಾಟ್ಲೆಂಡಿನಲ್ಲಿ ಒಂದು ಮರುಹುಟ್ಟು ದೊರೆಯಿತು. ಪೋಪ್ ಐದನೆಯ ನಿಕೊಲಾಸರು 1451ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯಕ್ಕೆ ಅಪ್ಪಣೆ ಕೊಟ್ಟಾಗ, ಬೊಲೋನ್ಯಾಕ್ಕಿದ್ದ ಹಕ್ಕುಗಳೇ ಇದಕ್ಕೂ ಇರಲಿ ಎಂದರು. ಅಲ್ಲಿ ವಿದ್ಯಾರ್ಥಿಗಳು ಹುಟ್ಟಿದ ಸೀಮೆಯ ಪ್ರಕಾರ ನಾಲ್ಕು ನಾಡಕೂಟಗಳಾಗಿ ನಿಂತು ರೆಕ್ಟರನನ್ನು ಆರಿಸುವ ಪದ್ಧತಿ ಬೇರೂರಿತು. ಬೊಲೋನ್ಯಾದಲ್ಲಿ ಅದು ಅಳಿದ ಮೇಲೂ ಅಲ್ಲಿ ಉಳಿಯಿತು. ರೆಕ್ಟರ್ ಈಗ ವಿದ್ಯಾರ್ಥಿಯಲ್ಲ, ವಿದ್ಯಾರ್ಥಿಗಳು ಆರಿಸುವ ಗಣ್ಯ ವ್ಯಕ್ತಿ. ಎಣಿಸುತ್ತಿದ್ದುದು ಒಟ್ಟು ಮತಗಳನ್ನಲ್ಲ, ಗೆದ್ದ ಕೂಟಗಳನ್ನು. 1846ರ ಚುನಾವಣೆಯಲ್ಲಿ ಕವಿ ವರ್ಡ್ಸ್‌ವರ್ತರೂ ಅಂದಿನ ಬ್ರಿಟಿಷ್ ಪ್ರಧಾನಿ ಲಾರ್ಡ್ ಜಾನ್ ರಸೆಲ್ಲರೂ ಎದುರಾಳಿಗಳಾದರು. ಒಟ್ಟು ವಿದ್ಯಾರ್ಥಿ ಮತಗಳಲ್ಲಿ ಕವಿಯೇ ಮುಂದಿದ್ದರು. ಆದರೆ ಕೂಟಗಳು ಸಮಸಮವಾಗಿ ಒಡೆದು, ನಿರ್ಣಾಯಕ ಮತ ಪ್ರಧಾನಿಯ ಕಡೆಗೆ ಬಿದ್ದಿತು. ಎಪ್ಪತ್ತಾರರ ವೃದ್ಧ ಕವಿ ತಮ್ಮ ಬೆಟ್ಟದ ಮನೆಯಲ್ಲಿಯೇ ಉಳಿದರು. ರಸೆಲ್ಲರು ರೆಕ್ಟರ್ ಆದರು.